ಸೊಂಟಕ್ಕೆ ಕಟ್ಟಿದ ಸ್ವೆಟರ್

ಟ್ರಾಮು ಕೆನಾಲ್ ಬೀದಿಯ ತಿರುವಿಗೆ ಬಂದಾಗ ವೈರ್‌ಲೆಸ್ಸಿನಲ್ಲಿ ವರ್ನೆಟಳ ಹೆಸರು ಕೇಳಿಸಿತು. ಟ್ರಾಮು ಓಡಿಸುವವರು ಫೋನು ಮುಟ್ಟುವಂತಿಲ್ಲ. ಹಾಗಾಗಿ ಅವಳನ್ನು ಹುಡುಕಿಕೊಂಡು ಬರುವ ಸುದ್ದಿಯೆಲ್ಲ ಡಿಪೋದ ಬಾಯಿಂದಲೇ ಬರಬೇಕು, ಊರಿಗೆಲ್ಲ ಕೇಳಿಸುವಂತೆ.

"ವರ್ನೆಟ, ನಿನ್ ಮಗಳ ಸ್ಕೂಲಿಂದ ಮತ್ತೆ ಫೋನು. ಈಗ್ಲೇ ಬಂದು ಕರ್ಕೊಂಡ್ ಹೋಗ್ಬೇಕಂತೆ. ಬರ್ದೇ ಇದ್ರೆ ಪೊಲೀಸ್ನೋರನ್ನ ಕರೀತಾರಂತೆ."

"ಏನ್ ಮಾಡಿದ್ಳಂತೆ?"

"ಮೇಷ್ಟ್ರ ಮೇಲೆ ಕೈ ಮಾಡಿದ್ಳಂತೆ ಕಣವ್ವ."

ವರ್ನೆಟಳಿಗೆ ನಗುವೇ ಬಂತು. ಸೆಲೆಸ್ಟ್ ಕೈ ಮಾಡುವುದೇ? ಬೀದಿ ಬೆಕ್ಕಿನ ಬಾಲ ತುಳಿದರೆ ಅದರ ಹಿಂದೆ ಓಡಿ ಕ್ಷಮೆ ಕೇಳುವ ಹುಡುಗಿ. ಆದರೆ ಅರೆಗಳಿಗೆಯಲ್ಲಿ ಆ ನಗು ಸಿಟ್ಟಾಯಿತು, ಮಗಳ ಮೇಲಲ್ಲ. ಈ ವರ್ಷ ಒಮ್ಮೆ ಕಾರಿಡಾರಿನಲ್ಲಿ ನಕ್ಕಳೆಂದು ಮನೆಗೆ ಕಳಿಸಿದ್ದರು. ಅಲ್ಲಿ ಮಕ್ಕಳು ನೆಲದ ನೀಲಿ ಗೆರೆಯ ಮೇಲೆ, ಕೈ ಬೆನ್ನಿಗೆ ಕಟ್ಟಿ, ತುಟಿ ಹೊಲಿದುಕೊಂಡವರಂತೆ ನಡೆಯಬೇಕು. ಇನ್ನೊಮ್ಮೆ ಶೂಗಳ ಅಟ್ಟೆ ಬಿಳಿಯದೆಂದು ಕಳಿಸಿದ್ದರು. ಅದನ್ನು ಅವರು ಅಮಾನತು ಎನ್ನುವುದಿಲ್ಲ. 'ಮನೆಯಲ್ಲಿ ಯೋಚಿಸುವ ದಿನ' ಎನ್ನುತ್ತಾರೆ. ಹೆಸರು ಬದಲಿಸಿದರೆ ಲೆಕ್ಕಕ್ಕೆ ಸಿಗುವುದಿಲ್ಲವಲ್ಲ.

ವರ್ನೆಟ ಚಿಕ್ಕವಳಿದ್ದಾಗ ಶಾಲೆ ಇದ್ದದ್ದು ಬೀದಿಯ ಮೂಲೆಯಲ್ಲಿ. ತಪ್ಪು ಮಾಡಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು, ಸಂಜೆ ಅದೇ ಮೇಷ್ಟ್ರು ಮನೆಯ ಜಗಲಿಯಲ್ಲಿ ಕೂತು ಅಜ್ಜಿ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಚಂಡಮಾರುತ ಬಂದು ಊರನ್ನೇ ಮುಳುಗಿಸಿ ಹೋದ ಮೇಲೆ ಸರ್ಕಾರ ಶಾಲೆಗಳನ್ನೆಲ್ಲ ಖಾಸಗಿ ಮಂಡಳಿಗಳ ಕೈಗಿಟ್ಟಿತು. ಚಾರ್ಟರ್ ಶಾಲೆ ಅಂದರೆ ಅಷ್ಟೆ: ದುಡ್ಡು ಜನರದು, ದರ್ಬಾರು ಮಂಡಳಿಯದು. ಮೂಲೆಯ ಆ ಶಾಲೆಯಲ್ಲಿ ಈಗ ಉಳ್ಳವರ ಫ್ಲಾಟುಗಳಿವೆ. ಸೆಲೆಸ್ಟ್ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿ, ನದಿ ದಾಟಿ, ಬ್ರೈಟ್ ಲೆವಿ ಅಕಾಡೆಮಿಗೆ ಹೋಗುತ್ತಾಳೆ.

ವರ್ನೆಟ ಟ್ರಾಮನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕಾರಿನಲ್ಲಿ ಶಾಲೆಗೆ ಬಂದಳು. ಆಫೀಸಿನ ಬೆಂಚಿನ ಮೇಲೆ ಸೆಲೆಸ್ಟ್ ಗೋಡೆಗೆ ಬೆನ್ನು ಒತ್ತಿ ಕೂತಿದ್ದಳು. ಹನ್ನೆರಡು ತುಂಬಿದ ಹುಡುಗಿ, ಉದ್ದ ಕಾಲು. ಶಾಲೆಯ ನೇರಳೆ ಸ್ವೆಟರನ್ನು ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕಿದ್ದಳು. ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಮ್ಮ ಬಂದರೂ ತಲೆ ಎತ್ತಲಿಲ್ಲ.

ಶಿಸ್ತು ನೋಡಿಕೊಳ್ಳುವ ಡೀನ್ ವಿಟ್ಲಾಕ್ ಎದ್ದು ನಿಂತ. ಉತ್ತರದ ಯಾವುದೋ ಊರಿಂದ ಬಂದ ಹುಡುಗ, ಗಡ್ಡ ಇನ್ನೂ ಸರಿಯಾಗಿ ಕೂಡಿರಲಿಲ್ಲ.

"ಮಿಸ್ ವರ್ನೆಟ, ಕೂತ್ಕೊಳ್ಳಿ. ಸ್ವೆಟರ್ ಮೈಮೇಲಿರಬೇಕು, ಇಲ್ಲಾ ಬ್ಯಾಗಲ್ಲಿರಬೇಕು. ಸೊಂಟಕ್ಕೆ ಕಟ್ಟೋ ಹಾಗಿಲ್ಲ. ಬಿಚ್ಚು ಅಂದೆ, ಬಿಚ್ಚಲ್ಲ ಅಂದ್ಳು. ಇಡೀ ಕ್ಲಾಸಿನ ಮುಂದೆ. ಹತ್ರ ಹೋಗಿ ಸ್ವೆಟರಿನ ತೋಳು ಹಿಡ್ಕೊಂಡೆ, ನನ್ನನ್ನ ತಳ್ಳಿದ್ಳು. ಸಿಬ್ಬಂದಿ ಮೇಲೆ ಹಲ್ಲೆ ಅಂತಾಗತ್ತೆ. ಶಾಲೆಯಿಂದ ತೆಗೆಯೋದಕ್ಕೆ ಶಿಫಾರಸು ಮಾಡ್ಲೇಬೇಕು."

"ನೀವ್ಯಾಕೆ ಅವಳನ್ನ ಮುಟ್ಟಿದ್ರಿ?"

"ಅವಳನ್ನ ಮುಟ್ಟಿಲ್ಲ. ಬಟ್ಟೆ ಮುಟ್ಟಿದ್ದು."

"ಬಟ್ಟೆ ಒಳಗೆ ಯಾರಿದ್ರು, ಸಾರ್? ಗೂಟ ಇತ್ತಾ?"

ಅವನು ತರಬೇತಿಯಲ್ಲಿ ಕಲಿಸಿದಂತೆ ಮೆಲ್ಲಗೆ ಉಸಿರು ಬಿಟ್ಟ. ವರ್ನೆಟ ಮಗಳತ್ತ ತಿರುಗಿ, "ಏನೇ ಇದು? ಬಿಚ್ಚಿದ್ರೆ ಮುಗೀತಿತ್ತಲ್ಲ. ಬಾಯಿಲ್ವಾ ನಿಂಗೆ?" ಎಂದಳು. ಸೆಲೆಸ್ಟ್ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಕಾರಿನ ಬಾಗಿಲು ತೆರೆದರೆ ಹುಡುಗಿ ಹತ್ತಲೊಲ್ಲಳು. ಬಿಸಿಲಲ್ಲಿ ನಿಂತೇ ಇದ್ದಳು.

"ಹತ್ತೇ ಮಾರಾಯ್ತಿ, ನನ್ ಕೆಲಸ ಹೋಗತ್ತೆ."

"ಸೀಟು ಕೊಳೆ ಆಗತ್ತಮ್ಮ."

ವರ್ನೆಟಳಿಗೆ ಆಗ ಹೊಳೆಯಿತು. ಕೇಳಿದರೆ ಹುಡುಗಿ ತುಣುಕು ತುಣುಕಾಗಿ ಹೇಳಿದಳು. ಮಗಳು ದೊಡ್ಡವಳಾಗಿದ್ದಳು, ಗಣಿತದ ಪಾಠದ ನಡುವೆ. ಶೌಚಾಲಯಕ್ಕೆ ಹೋಗಬೇಕೆಂದು ಕೈ ಎತ್ತಿದ್ದಳು, ಪಾಠದ ಮೊದಲರ್ಧದಲ್ಲಿ ಯಾರನ್ನೂ ಬಿಡುವುದಿಲ್ಲ ಎಂಬುದು ನಿಯಮ. ಆಮೇಲೆ ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಅದನ್ನೇ ಆ ಗಂಡಸು ಎಲ್ಲರೆದುರು ಎಳೆದಿದ್ದ.

ವರ್ನೆಟ ದೊಡ್ಡವಳಾದ ದಿನ ಅಜ್ಜಿ ನೀರು ಕಾಯಿಸಿ ಮೀಯಿಸಿ, ಶುಂಠಿ ಹಾಕಿದ ಚಹಾ ಕುಡಿಸಿ, ಬೆನ್ನು ನೀವಿದ್ದಳು. ತನ್ನ ಮಗಳಿಗೆ ಸಿಕ್ಕಿದ್ದು ಹಲ್ಲೆಯ ಆರೋಪ. ತಾನೂ ಒಳಗೆ 'ಬಾಯಿಲ್ವಾ ನಿಂಗೆ' ಅಂದುಬಿಟ್ಟೆನಲ್ಲ ಎಂದು ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು. ತನ್ನ ಕೋಟು ತೆಗೆದು ಸೀಟಿನ ಮೇಲೆ ಹಾಸಿದಳು.

"ಕೂತ್ಕೋ ಬಂಗಾರ. ಕೊಳೆ ಆದ್ರೆ ಆಗ್ಲಿ."

"ಯಾರಿಗೂ ಹೇಳ್ಬೇಡಮ್ಮ. ನಮ್ ಕ್ಲಾಸಿನ ಹುಡುಗ್ರಿಗೆ ಗೊತ್ತಾದ್ರೆ ನಾನು ಸತ್ತೇ ಹೋಗ್ತೀನಿ. ಅಜ್ಜಿ ಮೇಲೆ ಆಣೆ ಮಾಡು."

ವರ್ನೆಟ ಆಣೆ ಮಾಡಿದಳು.

ಆ ಆಣೆಯನ್ನು ಒಬ್ಬಳೆದುರು ಮಾತ್ರ ಮುರಿದಳು. ಪ್ರಿನ್ಸಿಪಾಲ್ ರೊಶೆಲ್ ಅವಳ ಓಣಿಯಲ್ಲೇ ಬೆಳೆದವಳು. ಇಬ್ಬರೂ ಒಂದೇ ಸ್ಕಿಪ್ಪಿಂಗ್ ಹಗ್ಗದಲ್ಲಿ ಕುಣಿದವರು, ಒಂದೇ ಚರ್ಚಿನಲ್ಲಿ ಹಾಡಿದವರು. ಹೆಣ್ಣು, ನಮ್ಮವಳು, ಅರ್ಥ ಮಾಡಿಕೊಂಡಾಳು ಎಂಬ ನಂಬಿಕೆ. ಮರುದಿನ ಅವಳ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಸಿ ಎಲ್ಲವನ್ನೂ ಹೇಳಿದಳು. ರೊಶೆಲ್ ಕಣ್ಣು ಮುಚ್ಚಿ, "ಅಯ್ಯೋ ದೇವರೇ, ಪಾಪ ಕೂಸು" ಎಂದಳು. ಆ ಮಾತು ನಿಜವಾಗಿತ್ತು. ಆದರೆ ಮರುಗಳಿಗೆಯಲ್ಲೇ ಕಣ್ಣು ತೆರೆದು, ಮೇಜಿನ ಮೇಲಿದ್ದ ಕಾಗದವನ್ನು ಮುಂದಕ್ಕೆ ಸರಿಸಿದಳು.

"ವರ್ನೆಟ, ನಾನು ಹೇಳೋದು ಕೇಳು. ನೀನೇ ಹುಡುಗೀನ ಬಿಡಿಸ್ಕೊಂಡ್ ಹೋಗ್ತೀನಿ ಅಂತ ಸಹಿ ಹಾಕ್ಬಿಡು. ಎಲ್ಲೂ ಏನೂ ಬರಿಯಲ್ಲ. ಬೇರೆ ಶಾಲೆಗೆ ಹೊಸದಾಗಿ ಸೇರ್ಕೊಳ್ತಾಳೆ. ವಿಚಾರಣೆ ಅಂತ ಹೋಗಿ ಸೋತ್ರೆ, ಹಲ್ಲೆ ಮಾಡ್ದೋಳು ಅನ್ನೋದು ಅವಳ ಹಣೇಲಿ ಉಳ್ಕೊಳತ್ತೆ."

"ಅವಳು ತಪ್ಪು ಮಾಡಿದ್ದಾಳೆ ಅಂತೀಯಾ ನೀನು?"

"ನಾನು ಅನ್ನೋದಲ್ಲ. ವಿಟ್ಲಾಕ್ ಬರ್ದಾಯ್ತು, ಮಂಡಳಿಗೂ ಹೋಯ್ತು. ಈ ವರ್ಷ ನಮ್ಮಲ್ಲಿ ಒಂದ್ ಮಗೂನೂ ಹೊರಗೆ ಹಾಕಿಲ್ಲ ಕಣೆ. ಮಂಡಳಿಯೋರು ಅದನ್ನೇ ನೋಡೋದು."

"ಹೊರಗೆ ಹಾಕಿಲ್ಲ! ತಾವಾಗೇ ಎದ್ದು ಹೋಗೋ ಹಾಗೆ ಮಾಡಿದ್ದೀರ. ಹಗ್ಗ ಹೊಸೆಯೋರು ನೀವು, ಕೊರಳು ಮಾತ್ರ ನಾವೇ ಒಡ್ಡಬೇಕು. ಎಷ್ಟು ಜನ ಅಮ್ಮಂದಿರ ಹತ್ರ ಸಹಿ ಹಾಕಿಸ್ಕೊಂಡಿದ್ದೀಯೇ ರೊಶೆಲ್?"

ರೊಶೆಲ್‌ಳ ಮುಖ ಬಿಗಿಯಿತು. "ನಾನಿಲ್ದೇ ಇದ್ರೆ ಇಲ್ಲಿ ಇನ್ನೂ ಕೆಟ್ಟೋರು ಬಂದು ಕೂರ್ತಾರೆ."

"ಹಂಗಂದ್ಕೊಂಡೇ ಎಲ್ರೂ ಕೂತಿರೋದು" ಎಂದು ವರ್ನೆಟ ಎದ್ದಳು. ಕಾಗದವನ್ನು ಮುಟ್ಟಲಿಲ್ಲ.

ವಿಚಾರಣೆಯಾಗುವ ತನಕ ಸೆಲೆಸ್ಟ್ ಮನೆಯಲ್ಲೇ ಉಳಿದಳು. ಪಕ್ಕದ ಮನೆಯ ಅರ್ನೆಸ್ಟೀನ್ ಆಂಟಿ ಹಗಲು ಹೊತ್ತು ಅವಳನ್ನು ನೋಡಿಕೊಂಡಳು. "ನಮ್ ಕಾಲ್ದಲ್ಲಿ ಕರಿಯೋರು ಬಿಳಿಯೋರ ಶಾಲೆಗೆ ಬರ್ಬೇಡಿ ಅಂತಿದ್ರು" ಎಂದು ಆಂಟಿ ಬೆಂಡೆಕಾಯಿ ಹೆಚ್ಚುತ್ತ ಗೊಣಗಿದಳು. "ಈಗ ಬನ್ನಿ ಬನ್ನಿ ಅಂತ ಕರ್ದು, ಒಳಗೆ ಬಂದ್ಮೇಲೆ ಉಸಿರಾಡ್ಬೇಡಿ ಅಂತಾರೆ. ಮುಂದುವರ್ದಿದ್ದೀವಿ ಕಣಮ್ಮ!" ವರ್ನೆಟ ನಗಲಿಲ್ಲ. ಟ್ರಾಮಿನ ಹಿಡಿಕೆ ಹಿಡಿದಾಗಲೂ ಅವಳ ದವಡೆ ಬಿಗಿದೇ ಇರುತ್ತಿತ್ತು. ಆಣೆ ಮಾಡಿಯಾಗಿತ್ತು. ಮಗಳನ್ನು ಉಳಿಸುವ ಮಾತು ಒಂದೇ ಒಂದು. ಅದನ್ನು ಆಡುವಂತಿಲ್ಲ.

ನಗರದ ಶಾಲಾ ಕಚೇರಿಯ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಗಿಡ್ರಿ ಎಂಬ ಹಿರಿಯ, ಬೋಳುತಲೆಯವನು. ಒಂದು ಕಡೆ ವಿಟ್ಲಾಕ್ ಮತ್ತು ರೊಶೆಲ್, ಇನ್ನೊಂದು ಕಡೆ ತಾಯಿ ಮಗಳು. ವಿಟ್ಲಾಕ್ ನಡೆದದ್ದನ್ನು ಓದಿದ. ಸುಳ್ಳೇನೂ ಹೇಳಲಿಲ್ಲ. ಸೂಚನೆ ಕೊಟ್ಟೆ, ನಿರಾಕರಿಸಿದಳು, ಮತ್ತೆ ಕೊಟ್ಟೆ, ತಳ್ಳಿದಳು. ನಿಜವೆಲ್ಲ ಇತ್ತು, ನಡೆದದ್ದು ಮಾತ್ರ ಇರಲಿಲ್ಲ.

"ತಾಯಿ ಏನಾದ್ರೂ ಹೇಳೋದಿದ್ಯಾ?" ಎಂದು ಗಿಡ್ರಿ ಕೇಳಿದ.

ವರ್ನೆಟ ಎದ್ದು ನಿಂತಳು. "ಸಾರ್, ಸ್ವೆಟರ್ ಯಾಕೆ ಕಟ್ಕೊಂಡಿದ್ಳು ಅಂತ ಇವರನ್ನ ಕೇಳಿ."

"ನಾನು ಕೇಳಿಲ್ಲ" ಎಂದ ವಿಟ್ಲಾಕ್. "ಕಾರಣ ಕೇಳ್ತಾ ಹೋದ್ರೆ ನಿಯಮ ನಡೆಯಲ್ಲ."

"ಹಂಗಾದ್ರೆ ಪ್ರಿನ್ಸಿಪಾಲರನ್ನ ಕೇಳಿ. ಅವರಿಗೆ ಗೊತ್ತು. ನಾನು ಹೇಳೋ ಹಾಗಿಲ್ಲ, ಮಗಳಿಗೆ ಮಾತು ಕೊಟ್ಟಿದ್ದೀನಿ. ರೊಶೆಲ್, ನೀನೇ ಹೇಳೇ. ನಾವಿಬ್ರೂ ಒಂದೇ ಓಣಿಯೋರು. ಯಾವ ಮಾತಲ್ಲಿ ಬೇಕಾದ್ರೂ ಹೇಳು, ಮಾನ ಹೋಗ್ದೇ ಇರೋ ಹಾಗೆ ಹೇಳು. ಹೇಳು!"

ರೊಶೆಲ್ ತನ್ನ ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತ ಕೂತಳು. ಕೊನೆಗೆ, "ಶಾಲೆಯ ವರದಿಯಲ್ಲಿ ಇರೋದಕ್ಕಿಂತ ಹೆಚ್ಚಿಗೆ ನಾನು ಹೇಳೋದು ಏನೂ ಇಲ್ಲ" ಎಂದಳು.

ವರ್ನೆಟಳ ಮೈಯೆಲ್ಲ ಕಾದುಹೋಯಿತು. ಆ ಪೆನ್ನನ್ನು ಕಿತ್ತು ಗೋಡೆಗೆ ಬಿಸಾಡುವಷ್ಟು. ಅಷ್ಟರಲ್ಲಿ ಪಕ್ಕದ ಕುರ್ಚಿ ಸದ್ದು ಮಾಡಿತು.

ಸೆಲೆಸ್ಟ್ ಎದ್ದಿದ್ದಳು. ನೆಲ ನೋಡುತ್ತಲೇ ಮಾತಾಡಿದಳು.

"ನಾನು ಮುಟ್ಟಾಗಿದ್ದೆ. ಅದೇ ಮೊದಲ ಸಲ. ಸ್ಕರ್ಟಿಗೆಲ್ಲ ಆಗಿತ್ತು. ಹೊರಗೆ ಬಿಡಿ ಅಂತ ಕೇಳ್ದೆ, ಬಿಡ್ಲಿಲ್ಲ. ಇವರು ಸ್ವೆಟರ್ ಎಳೆದ್ರೆ ಎಲ್ರಿಗೂ ಕಾಣತ್ತೆ ಅಂತ ತಳ್ಳಿದೆ." ಅಲ್ಲಿಗೆ ಅವಳ ದನಿ ಒಡೆಯಿತು. "ಅಷ್ಟೇ."

ವಿಟ್ಲಾಕ್ ಬಿಳುಚಿಕೊಂಡ. ಗಿಡ್ರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, ಈ ಶಿಫಾರಸನ್ನು ತಳ್ಳಿಹಾಕಿದ್ದೇನೆ, ಹುಡುಗಿ ಸೋಮವಾರದಿಂದ ತರಗತಿಗೆ ಹೋಗಬಹುದು, ಹಲ್ಲೆಯ ಮಾತು ಎಲ್ಲಿಯೂ ಉಳಿಯಕೂಡದು ಎಂದ. ಕೊನೆಗೆ ಸೆಲೆಸ್ಟಳತ್ತ ಬಾಗಿ, "ನೀನು ತುಂಬಾ ಧೈರ್ಯವಂತೆ ಮಗು" ಎಂದ.

"ಹಂಗನ್ಬೇಡಿ ಸಾರ್!" ವರ್ನೆಟಳ ಕೂಗಿಗೆ ಹೊರಗಿದ್ದ ಗುಮಾಸ್ತೆ ಬಾಗಿಲು ತೆರೆದು ನೋಡಿದಳು. "ಅವಳನ್ನ ಧೈರ್ಯವಂತೆ ಅನ್ಬೇಡಿ. ಹನ್ನೆರಡು ವರ್ಷದ ಹುಡುಗಿಗೆ ಧೈರ್ಯ ಯಾಕ್ರೀ ಬೇಕು? ಲೆಕ್ಕ ಕಲಿಯೋಕೆ ಹೋದೋಳು. ಗೊತ್ತಿಲ್ದೋರ ಮುಂದೆ ತನ್ನ ಮೈ ವಿಷಯ ಬಿಡಿಸಿ ಹೇಳಿದ್ರೇನೇ ಇವಳಿಗೆ ಬೆಂಚು ಕೊಡ್ತೀರಾ? ಇವಳು ಹೇಳಿದ್ಳು. ಬಾಯಿ ಬರ್ದೇ ಇರೋ ಮಕ್ಕಳು ಎಷ್ಟು ಜನ ಮನೇಲಿ ಕೂತಿದ್ದಾರೆ? ನಾಲ್ಕು ಜನ ದೊಡ್ಡೋರು ಇದ್ವಿ ಇಲ್ಲಿ, ಥೂ, ಒಬ್ಬರ ಕೈಲೂ ಆಗ್ಲಿಲ್ಲ. ನನ್ನನ್ನೂ ಸೇರ್ಸೇ ಹೇಳ್ತಿದ್ದೀನಿ."

ಮಗಳನ್ನು ಕರೆದುಕೊಂಡು ಹೊರಟಳು. ಮೆಟ್ಟಿಲ ಬಳಿ ರೊಶೆಲ್ ಹಿಂದಿನಿಂದ ಬಂದು ಅವಳ ತೋಳು ಹಿಡಿದಳು. "ವರ್ನೆಟ, ನನ್ ಕಷ್ಟ ನಿಂಗೆ ಗೊತ್ತಿಲ್ಲ."

"ಗೊತ್ತು ಕಣೆ. ನಿನ್ ಕಷ್ಟಕ್ಕೊಂದು ಕುರ್ಚಿ ಇದೆ. ಕೈ ತೆಗಿ."

ಗೆದ್ದೆವೆಂಬ ಭಾವನೆ ದಾರಿಯಲ್ಲಿ ಸ್ವಲ್ಪವಾದರೂ ಬರಬಹುದೆಂದು ವರ್ನೆಟ ಕಾದಳು. ಬರಲಿಲ್ಲ. ಸೇತುವೆ ದಾಟುವ ತನಕ ಸೆಲೆಸ್ಟ್ ಕಿಟಕಿಯತ್ತ ಮುಖ ಮಾಡಿಕೊಂಡೇ ಇದ್ದಳು.

"ಪ್ರಿನ್ಸಿಪಾಲರಿಗೆ ನೀನು ಮೊದಲೇ ಹೇಳಿದ್ದೆ."

"ಹೂಂ."

"ಆಣೆ ಮಾಡಿದ್ದೆ."

"ಮಾಡಿದ್ದೆ ಮಗಾ. ತಪ್ಪಾಯ್ತು. ಅವಳು ನಮ್ಮ ಕಡೆ ನಿಲ್ತಾಳೆ ಅಂದ್ಕೊಂಡೆ."

"ಅವರ ಮುಂದೆ ನೀನು ಹೇಳು ಹೇಳು ಅಂತಿದ್ದಾಗ ಎಲ್ರೂ ನನ್ನನ್ನೇ ನೋಡ್ತಿದ್ರು. ನಾನು ಇನ್ನೇನ್ ಮಾಡ್ಬೇಕಿತ್ತು?"

ಊರಿನ ಮೇಲೆಲ್ಲ ಉಗುಳಿ ಬಂದಿದ್ದ ಬಾಯಿಗೆ ಮಗಳ ಮುಂದೆ ಒಂದು ಪದ ಹುಟ್ಟಲಿಲ್ಲ. ಹುಡುಗಿಯ ಸಿಟ್ಟು ನ್ಯಾಯವಾದದ್ದು. ಅದನ್ನು ತೆಪ್ಪಗೆ ಹೊತ್ತುಕೊಂಡು ಕಾರು ಓಡಿಸಿದಳು. ಮನೆ ಬಂದ ಮೇಲೆ ಸೆಲೆಸ್ಟ್ ಅರ್ನೆಸ್ಟೀನ್ ಆಂಟಿಯ ಅಡುಗೆಮನೆಗೆ ಹೋಗಿ, ಬೆಂಡೆಕಾಯಿಯ ಸಾರಿಗೆ ಅನ್ನ ಕಲಸಿಕೊಂಡು ಎರಡು ಬಟ್ಟಲು ತಿಂದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಳು. ವರ್ನೆಟ ಜಗಲಿಯಲ್ಲೇ ನಿಂತು ಚಮಚದ ಸದ್ದು ಕೇಳಿಸಿಕೊಂಡಳು.

ಶನಿವಾರ ಶಾಲೆಯಿಂದ ಪೋಷಕರೆಲ್ಲರ ಫೋನಿಗೂ ಒಂದು ಚಿತ್ರ ಬಂತು. ಹುಡುಗಿಯರ ಶೌಚಾಲಯದಲ್ಲಿ ರಿಬ್ಬನ್ನು ಕಟ್ಟಿದ ಬುಟ್ಟಿ, ಅದರ ತುಂಬ ಪ್ಯಾಡುಗಳು. ಪಕ್ಕದಲ್ಲಿ ನಗುತ್ತಿರುವ ಮಂಡಳಿಯ ಸದಸ್ಯೆ. 'ನಮ್ಮ ಹೆಣ್ಣುಮಕ್ಕಳಿಗಾಗಿ ನಾವು.' ಶೌಚಾಲಯಕ್ಕೆ ಬಿಡದ ನಿಯಮದ ಬಗ್ಗೆ ಒಂದಕ್ಷರವಿಲ್ಲ. ವರ್ನೆಟ ಅದರ ಕೆಳಗೆ ಬರೆದಳು: 'ಬುಟ್ಟಿ ತನಕ ಹೋಗೋಕೆ ಬಿಡ್ತೀರಾ?' ಸಂಜೆಯೊಳಗೆ ಬೇರೆ ತಾಯಂದಿರು ಒಬ್ಬೊಬ್ಬರೇ ಅದೇ ಪ್ರಶ್ನೆಯನ್ನು ಬರೆಯತೊಡಗಿದರು. ಭಾನುವಾರ ಬೆಳಿಗ್ಗೆ ಶಾಲೆ ಆ ಚಿತ್ರವನ್ನೇ ತೆಗೆದುಹಾಕಿತು.

"ಬೇರೆ ಶಾಲೆ ಹುಡುಕೋಣ್ವಾ?" ಎಂದು ಅವಳು ಮಗಳನ್ನು ಕೇಳಿದಳು.

"ಅವ್ರಿಗೂ ಅದೇ ತಾನೇ ಬೇಕಾಗಿದ್ದಿದ್ದು?" ಎಂದಳು ಸೆಲೆಸ್ಟ್.

ಸೋಮವಾರ ವರ್ನೆಟ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಮಗಳನ್ನು ಕಾರಿನಲ್ಲಿ ಬಿಡಲು ಹೋದಳು. ಬ್ರೈಟ್ ಲೆವಿಯಲ್ಲಿ ಮಕ್ಕಳು ಬೆಳಿಗ್ಗೆ ಬಾಗಿಲಲ್ಲಿ ಡೀನ್‌ನ ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು, ಗುಡ್ ಮಾರ್ನಿಂಗ್ ಸಾರ್ ಎಂದೇ ಒಳಗೆ ಹೋಗಬೇಕು. ವಿಟ್ಲಾಕ್ ನಿಂತಿದ್ದ. ಸಾಲು ಮುಂದೆ ಸರಿಯಿತು. ಸೆಲೆಸ್ಟಳ ಸರದಿ ಬಂದಾಗ ಅವನು ಎಂದಿನಂತೆ ಕೈ ಚಾಚಿದ.

ಸೆಲೆಸ್ಟ್ ಆ ಕೈಯನ್ನು ನೋಡಿದಳು. ತನ್ನ ಎರಡೂ ಕೈಗಳಿಂದ ಬ್ಯಾಗಿನ ಪಟ್ಟಿ ಹಿಡಿದುಕೊಂಡು, ಪಕ್ಕದಿಂದ ನಡೆದು ಒಳಗೆ ಹೋದಳು.

ಅವನು ಅವಳನ್ನು ಕರೆಯಲೆಂದು ತಿರುಗಿದ. ಆಗ ರಸ್ತೆಯಂಚಿನಲ್ಲಿ ಕಾರಿನಿಂದಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ವರ್ನೆಟ ಕಣ್ಣಿಗೆ ಬಿದ್ದಳು. ತೆರೆದ ಬಾಯಿಯನ್ನು ಅವನು ಮುಚ್ಚಿಕೊಂಡ. ಮುಂದಿನ ಮಗು ಕೈ ಚಾಚಿ ಕಾಯುತ್ತಿತ್ತು.