ಅಚ್ಚಿಗೆ ಕೊಡದ ಬೆರಳು

ನಾನು ಬೀಗದ ಕೆಲಸದವನು. ಎಂಥ ಕೆಲಸಗಾರ ಎಂದು ಕೇಳಿದರೆ, ನಮ್ಮ ಊರಿನ ಬೀಗಗಳು ನನ್ನ ಕೆಮ್ಮು ಕೇಳಿದರೇ ಸಡಿಲವಾಗುತ್ತಿದ್ದವು ಎಂದಷ್ಟೇ ಹೇಳಬಲ್ಲೆ. ಉಳಿದದ್ದನ್ನು ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಒಮ್ಮೆ ಬ್ಯಾಂಕಿನ ತಿಜೋರಿಯೊಂದು ಮುನಿಸಿಕೊಂಡು ಕೂತಾಗ ಅದರ ಕಿವಿಯಲ್ಲಿ ಎರಡು ಮಾತು ಹೇಳಿದೆ. ಮ್ಯಾನೇಜರು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬಾಗಿಲು ತೆರೆದಿತ್ತು. ನಂಬದವರು ಆ ಲೋಟವನ್ನೇ ವಿಚಾರಿಸಬಹುದು.

ಅಪ್ಪನ ಕಾಲದಿಂದ ನಮ್ಮ ಅಂಗಡಿಗೆ ಒಂದು ಕಟ್ಟಳೆಯಿತ್ತು. ಗಿರಾಕಿ ತಂದ ಕೀಲಿಯನ್ನು ಸಾಬೂನಿನ ಮೇಲೆ ಒತ್ತಿ ಅಚ್ಚು ತೆಗೆಯುತ್ತೇವೆ, ಅದಕ್ಕೆ ಸರಿಯಾಗಿ ಹೊಸ ಕೀಲಿಯನ್ನು ಉಜ್ಜಿ ಕೊಡುತ್ತೇವೆ. ಕೆಲಸ ಮುಗಿದ ಮೇಲೆ ಗಿರಾಕಿಯ ಕಣ್ಣೆದುರಿಗೇ ಹೆಬ್ಬೆರಳಿನಿಂದ ತಿಕ್ಕಿ ಆ ಅಚ್ಚನ್ನು ಅಳಿಸಬೇಕು. ಅವಸರವಿದ್ದವರನ್ನೂ ಬಿಡುತ್ತಿರಲಿಲ್ಲ. "ನಿಂತು ನೋಡಿ ಹೋಗಿ ಸ್ವಾಮಿ, ಆಮೇಲೆ ನಿಮ್ಮ ನಿದ್ದೆ ಕೆಟ್ಟರೆ ಅದು ನನ್ನ ತಲೆ ಮೇಲೆ ಬರಬಾರದು" ಎಂದು ತೋಳು ಹಿಡಿದು ನಿಲ್ಲಿಸುತ್ತಿದ್ದೆ. ಒಬ್ಬ ಮದುಮಗನನ್ನು ಹಾಗೆ ನಿಲ್ಲಿಸಿ ಮುಹೂರ್ತವನ್ನೇ ತಪ್ಪಿಸಿದ್ದೇನೆ.

ಆಮೇಲೆ ಬೆರಳಿಟ್ಟರೆ ತೆರೆಯುವ ಬೀಗಗಳು ಬಂದವು. ಅವಕ್ಕೆ ನಾನೂ ಬೇಡ, ನನ್ನ ಕೆಮ್ಮೂ ಬೇಡ. ಅಂಗಡಿ ಒಣಗಿತು. ನನ್ನ ಹೆಂಡತಿ ಸಮುದ್ರದಾಚೆಯ ಊರಿನ ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ ಹಿಡಿದು ಹೊರಟಳು. ಅವಳು ಹೋದ ಮೇಲೆ ನಮ್ಮ ಒಂದೇ ಕೋಣೆಯ ಮನೆ ಎಷ್ಟು ದೊಡ್ಡದಾಯಿತೆಂದರೆ, ಹಾಸಿಗೆಯಿಂದ ಒಲೆಯವರೆಗೆ ಹೋಗಲು ಬುತ್ತಿ ಕಟ್ಟಿಕೊಳ್ಳಬೇಕಾಗುತ್ತಿತ್ತು. ತುಂಡು ಬಟ್ಟೆಗಳನ್ನು ಸೇರಿಸಿ ಅವಳೇ ಹೊಲಿದಿದ್ದ ಹೊದಿಕೆಯನ್ನು ನಾನು ಹೊದೆಯುತ್ತಿದ್ದೆ. ಒಗೆಯಲಿಲ್ಲ. ಒಗೆದರೆ ಅವಳ ತಲೆಯೆಣ್ಣೆಯ ವಾಸನೆ ಹೋಗಿಬಿಡುತ್ತದೆ.

ಮೂರು ವರ್ಷವಾದ ಮೇಲೆ ಟಿಕೆಟ್ಟು ಕೂಡಿಬಂತು. ಅವಳಿಗೆ ಸಿಕ್ಕಿದ್ದು ಒಂದೇ ದಿನದ ರಜ. ರಾತ್ರಿ ಅವಳಿರುವುದು ಹೆಂಗಸರ ಹಾಸ್ಟೆಲಿನಲ್ಲಿ, ಅಲ್ಲಿ ಗಂಡಸರ ನೆರಳೂ ಬೀಳುವಂತಿಲ್ಲ. ಹಾಗಾಗಿ ನಮ್ಮಿಬ್ಬರದೆಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಹಗಲು. "ರೀ, ಬೆಳಗಿನ ವಿಮಾನಕ್ಕೇ ಬನ್ನಿ. ಬಾಗಿಲ ಹತ್ರಾನೇ ನಿಂತಿರ್ತೀನಿ" ಎಂದಿದ್ದಳು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲು ನನ್ನನ್ನು ಒಂದು ಗಾಜಿನ ಪಟ್ಟಿಯ ಮುಂದೆ ತಂದು ನಿಲ್ಲಿಸಿತು. ಒಳಗೆ ಹಸಿರು ಬೆಳಕು. ಪಕ್ಕದಲ್ಲಿ ಸಮವಸ್ತ್ರದ ಹುಡುಗಿ.

"ನಾಲ್ಕು ಬೆರಳು ಇಲ್ಲಿ ಇಡಿ ಸರ್."

"ಇಡೋಣಮ್ಮ. ನಾನು ಆಚೆ ಹೋದ ಮೇಲೆ ಅಚ್ಚು ಅಳಿಸ್ತೀರಲ್ಲ?"

"ಯಾವ ಅಚ್ಚು?"

"ನನ್ನ ಬೆರಳಿಂದು. ನನ್ನೆದುರಿಗೇ ಅಳಿಸಿಬಿಡಿ, ನೋಡ್ಕೊಂಡು ಹೋಗ್ತೀನಿ."

ಅವಳು ನಗಲಿಲ್ಲ; ಪಾಪ, ಒಳ್ಳೆಯ ಹುಡುಗಿ. "ಅದು ಕಂಪ್ಯೂಟರಲ್ಲಿ ಇರುತ್ತೆ ಸರ್. ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲ, ಅಳಿಸೋದೂ ನನ್ನ ಕೈಲಿಲ್ಲ."

"ಮತ್ತೆ ಯಾರ ಕೈಲಿದೆ?"

"ಅದೂ ಗೊತ್ತಿಲ್ಲ ಸರ್."

ಹಿಂದಿನಿಂದ ಒಬ್ಬ, "ಯಜಮಾನ್ರೇ, ಬೆರಳಿಗೇನು ಚಿನ್ನ ಮೆತ್ತಿದೀರಾ?" ಎಂದ.

"ಕೀಲಿ ಕಳೆದರೆ ಬೀಗ ಬದಲಾಯಿಸಿ ಕೊಡ್ತೀನಪ್ಪ. ಇದು ಕಳೆದರೆ ಹೊಸದನ್ನು ಎಲ್ಲಿಂದ ತರಲಿ? ನಿನ್ನದೊಂದು ಕೊಡ್ತೀಯಾ?" ಎಂದೆ. ಸಾಲು ನಕ್ಕಿತು. ಆದರೆ ನಗುತ್ತಲೇ ಎಲ್ಲರೂ ಬೆರಳಿಟ್ಟು ದಾಟಿದರು.

ಹುಡುಗಿ ದನಿ ತಗ್ಗಿಸಿದಳು. "ಬೇಡ ಅನ್ನೋ ಹಕ್ಕಿದೆ ಸರ್ ನಿಮಗೆ. ಕೈಯಿಂದ ತಪಾಸಣೆ ಮಾಡೋ ಅಧಿಕಾರಿ ಬರಬೇಕು. ಆದ್ರೆ ತಡ ಆಗುತ್ತೆ. ನಿಮ್ಮ ವಿಮಾನ ಹೋದ್ರೂ ಹೋಗಬಹುದು."

ನಾನು ಗಾಜನ್ನು ನೋಡಿದೆ. ಅದರಾಚೆ, ಸಮುದ್ರದಾಚೆ, ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಾಳೆ. ಕೈ ತಾನಾಗಿಯೇ ಮುಂದೆ ಹೋಯಿತು. ಊರಿನವರ ಒಂದು ಅಚ್ಚನ್ನೂ ಉಳಿಸಿಕೊಳ್ಳದ ಕೈ ಅದು; ಗಾಜಿನಿಂದ ಒಂದಂಗುಲ ಮೇಲೆ ಬಂದು ನಿಂತಿತು. ಅದನ್ನು ಕೆಳಗೊತ್ತಲು ಊರಿನ ಪೈಲ್ವಾನರೆಲ್ಲ ಬಂದರೂ ಆಗುತ್ತಿರಲಿಲ್ಲ.

"ಅಧಿಕಾರೀನ ಕರೀರಮ್ಮ" ಎಂದೆ.

ಅಧಿಕಾರಿ ಬಂದ ನಿಧಾನಕ್ಕೆ ನನ್ನ ಗಡ್ಡ ಎದೆಗಿಳಿಯಿತು. ಒರಟನಲ್ಲ, ಬರೀ ಅಚ್ಚುಕಟ್ಟಿನ ಮನುಷ್ಯ. ಬೂಟು ಬಿಚ್ಚಿಸಿದ, ಕಾಲರಿನ ಮಡಿಕೆ ತಡವಿದ, ಪಾಸ್‌ಪೋರ್ಟಿನ ಮುಖಕ್ಕೂ ನನ್ನ ಮುಖಕ್ಕೂ ಸಂಬಂಧ ಕುದುರಿಸುವವನಂತೆ ಹಿಂದೆ ಮುಂದೆ ನೋಡಿದ. ಕೊನೆಗೆ ಚೀಲದಿಂದ ಹೊದಿಕೆ ತೆಗೆದು ಒಂದೊಂದೇ ತುಂಡನ್ನು ಹಿಸುಕತೊಡಗಿದ.

"ಇದರಲ್ಲೇನಿದೆ?"

"ನನ್ನ ಹೆಂಡ್ತಿ ಹಳೇ ಸೀರೆಗಳು, ನನ್ನ ಅಂಗಿಗಳು. ಮೆಲ್ಲಗೆ ಸ್ವಾಮಿ. ಆ ನೀಲಿ ತುಂಡು ನಮ್ಮ ಮದುವೆ ವರ್ಷದ್ದು."

ಅವನು ನೀಲಿ ತುಂಡನ್ನು ಮೆಲ್ಲಗೆ ಹಿಸುಕಿದ. ಎಲ್ಲವನ್ನೂ ಮಡಿಸಿ ಕೊಟ್ಟು, "ಹೋಗಬಹುದು" ಎಂದ. ಹೋಗಲು ವಿಮಾನವಿರಲಿಲ್ಲ. ರಾತ್ರಿಯದಕ್ಕೆ ಜಾಗ ಮಾಡಿಕೊಟ್ಟರು.

ಫೋನು ಮಾಡಿದೆ.

"ಹತ್ತಿದ್ರಾ?" ಎಂದಳು.

"ಇಲ್ಲ ಕಣೇ." ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳ ಹಿಂದೆ ಬಸ್ಸೊಂದು ಹೋದ ಸದ್ದು ಕೇಳಿತು; ಆಗಲೇ ಹೊರಟು ನಿಂತಿದ್ದಳು.

"ನಾಳೆ ನಂಗೆ ರಜ ಇಲ್ಲ ಕಣ್ರೀ" ಎಂದಳು, ಅಷ್ಟೇ.

ಮರುದಿನ ಬೆಳಗ್ಗೆ ಇಳಿದಾಗ ಅಲ್ಲಿಯವರು ಬೆರಳು ಕೇಳದೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕಳಿಸಿಬಿಟ್ಟರು. ವಿಳಾಸ ತೋರಿಸುತ್ತ ಹೋಟೆಲಿನ ಹಿಂಬಾಗಿಲಿಗೆ ಹೋದೆ. ಗಾಜಿನ ಬಾಗಿಲು. ಒಳಗೆ ಬಿಳಿ ಹಾಸುಬಟ್ಟೆಗಳ ಗುಡ್ಡ ಹೊತ್ತ ತಳ್ಳುಗಾಡಿ, ಅದರ ಹಿಂದೆ ಅವಳು. ಕೂದಲು ನರೆತಿತ್ತು, ಮೊಣಕೈವರೆಗೆ ಹಬೆಯ ಕೆಂಪು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಬೀದಿಯ ಕಾರುಗಳು ಪಕ್ಕಕ್ಕೆ ಸರಿದವು.

ಕಾವಲುಗಾರ ಬಾಗಿಲ ಪಕ್ಕದ ಪುಟ್ಟ ಯಂತ್ರ ತೋರಿಸಿದ. ಸಿಬ್ಬಂದಿಯವರನ್ನು ಕೆಲಸದ ಹೊತ್ತಿನಲ್ಲಿ ಹೊರಗೆ ಬಿಡುವುದಿಲ್ಲ. ನೋಡಬಂದವರು ಬೆರಳು ಕೊಟ್ಟರೆ ಕಾಲು ಗಂಟೆ ಒಳಗೆ ಬರಬಹುದು. ಕಾಲು ಗಂಟೆ. ನಾನು ತೋರುಬೆರಳನ್ನು ಅಂಗಿಗೆ ಒರೆಸಿಕೊಂಡೆ. ಈ ಸಲ ಕೈ ನಿಲ್ಲಲಿಲ್ಲ. ಬೆರಳು ಯಂತ್ರ ಮುಟ್ಟುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಗಾಜಿನಾಚೆ ಅವಳು ಫೋನನ್ನು ಕಿವಿಗೆ ಹಿಡಿದಿದ್ದಳು.

"ಕೊಡಬೇಡಿ."

"ಕಾಲು ಗಂಟೆ ಕಣೇ. ಹತ್ರ ಬರ್ತೀನಿ."

"ನನ್ನದನ್ನ ಬಂದ ದಿನಾನೇ ಕೊಟ್ಟಾಯ್ತು. ಬಾಗಿಲಿಗೆ ಬೆರಳು, ಊಟಕ್ಕೆ ಬೆರಳು, ಬಚ್ಚಲಿಗೆ ಹೋಗಿ ಬಂದ್ರೂ ಬೆರಳು. ನಾನು ಎಲ್ಲಿ ಎಷ್ಟು ಹೊತ್ತು ನಿಂತೆ ಅಂತ ಅವರಿಗೆಲ್ಲ ಗೊತ್ತು. ನಮ್ಮಿಬ್ಬರಲ್ಲಿ ಒಬ್ಬರದಾದ್ರೂ ಮನೇಲಿರಲಿ. ನಿನ್ನೆಯ ದಿನ ಅದಕ್ಕೇ ಹೋಯ್ತಲ್ಲ, ಅದನ್ನ ಈಗ ಯಂತ್ರಕ್ಕೆ ಹಾಕಿ ಹಾಳು ಮಾಡಬೇಡಿ."

ನಾನು ಕೈ ಇಳಿಸಿದೆ.

"ಆ ಅಂಗಿ ಇಸ್ತ್ರಿ ಕಂಡು ಎಷ್ಟು ವರ್ಷ ಆಯ್ತು? ಇಸ್ತ್ರಿಯವಳ ಗಂಡ ಅಂತ ಹೇಳ್ಕೊಳಕ್ಕೆ ನಾಚಿಕೆ ಆಗ್ಬೇಕು ನಿಮಗೆ. ಸಣ್ಣಗಾಗಿದೀರಿ ಬೇರೆ."

"ಸಣ್ಣಗಾ? ವಿಮಾನ ನನ್ನ ಭಾರಕ್ಕೆ ವಾಲಿಕೊಂಡೇ ಬಂತು."

ಅವಳು ನಕ್ಕದ್ದು ಮೊದಲು ಗಾಜಿನಲ್ಲಿ ಕಂಡಿತು, ಆಮೇಲೆ ಕಿವಿಗೆ ಬಂತು. ಒಳಗಿನಿಂದ ಯಾರೋ ಕರೆದರು. ಅವಳು ಗಾಡಿಯ ಹಿಡಿಗೆ ಕೈ ಹಾಕಿದಳು.

"ಅಲ್ಲೇ ನಿಂತಿರ್ತೀರಾ? ಗಾಡಿ ತಗೊಂಡು ಈ ಕಡೆ ಬಂದಾಗೆಲ್ಲ ನೋಡ್ತೀನಿ. ಕಾಲು ನೋಯುತ್ತೇನೋ."

"ನನಗಾ? ಇನ್ನೂ ಹತ್ತು ವರ್ಷ ಬೇಕಾದ್ರೂ ನಿಲ್ತೀನಿ."

"ಹತ್ತು ವರ್ಷ ಬೇಡ ಕಣ್ರೀ" ಎಂದಳು. "ಆರು ಗಂಟೆಗೆ ನನ್ನ ಕೆಲಸ ಮುಗಿಯುತ್ತೆ. ಅಲ್ಲೀವರೆಗೆ ನಿಲ್ಲಿ, ಸಾಕು."

ಗಾಡಿ ತಿರುಗಿ ಒಳಗೆ ಹೋಯಿತು. ನಾನು ಹೊದಿಕೆಯನ್ನು ಚೀಲದಿಂದ ತೆಗೆದು ತೋಳ ಮೇಲೆ ಹಾಕಿಕೊಂಡೆ, ಮತ್ತೆ ಬಂದಾಗ ಅವಳಿಗೆ ದೂರದಿಂದಲೇ ಕಾಣಲಿ ಎಂದು.