ಕೆಟ್ಟ ಹವೆಯ ಕೋಟು

ಮಳೆಗಾಲದ ಕೋಟನ್ನು ಬಿಸಿಲಲ್ಲಿ ತೊಟ್ಟು, ಮಳೆ ಬಂದೊಡನೆ ಬಿಚ್ಚಿ ಮಡಚಿ ಕಂಕುಳಲ್ಲಿಟ್ಟುಕೊಳ್ಳುವ ಮನುಷ್ಯ ಅಕ್ಕಿಆಲೂರಿನಲ್ಲಿ ಒಬ್ಬನೇ: ನಮ್ಮ ಪಕ್ಕದ ಮನೆಯ, ಕಿರಾಣಿ ಅಂಗಡಿಯ ಅಜ್ಜಪ್ಪ. ಮೊಣಕಾಲು ದಾಟುವ ಆ ಹಳದಿ ಕೋಟಿನಲ್ಲಿ, ಎಡಭುಜವನ್ನು ತುಸು ಮುಂದೆ ಚಾಚಿ, ನಿರ್ಜನವಾದ ಓಣಿಯಲ್ಲೂ ಜನಸಂದಣಿಯನ್ನು ಸರಿಸಿಕೊಂಡು ಬರುವವನಂತೆ ಆತ ನಡೆದು ಬಂದರೆ ಊರಿಗೆಲ್ಲ ನಗು. ನನಗೆ ಮಾತ್ರ ಹೊಟ್ಟೆಕಿಚ್ಚು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿಯೇ ತಲೆ ನರೆತ ನನಗೆ, ಮಳೆ ಬಿಸಿಲುಗಳ ಹೊರತು ಆ ಭಾಷೆಯಲ್ಲಿ ಏನನ್ನೂ ಹೇಳಲಾರದ ಈತನ ಮೇಲೆ ಮತ್ಸರವೇಕೆಂದರೆ, ಕಾರಣ ನನ್ನ ಮಗಳು ಅಂಕಿತಾ.

ಹಾನಗಲ್ಲಿನ ಗುಡಿಗಳನ್ನು ನೋಡಬಂದ ಫ್ರೆಂಚ್ ದಂಪತಿ ಹಿಂದೊಮ್ಮೆ ಮಳೆಗಾಲವಿಡೀ ಅಜ್ಜಪ್ಪನ ಮೇಲಿನ ಕೋಣೆಯಲ್ಲಿದ್ದರು. ಬೆಳಗಾದರೆ ಆತ ನಮ್ಮ ಕಡೆಯ ರೂಢಿಯಂತೆ "ನಾಷ್ಟಾ ಆತ್ರಿ?" ಎಂದು ಸನ್ನೆ ಮಾಡಿ ಕೇಳುವನು, ಅವರೋ, ತಿಂಡಿಗೆ ಕರೆದನೆಂದೇ ತಿಳಿದು ಒಳಗೆ ಬಂದು ಕೂರುವರು. ಕೊನೆಗೆ ಆ ಹೆಂಗಸು, ತಮ್ಮಲ್ಲಿ ಮೊದಲ ಮಾತು ಹವೆಯದೆಂದು ತಿಳಿಸಿ, ಇಂಗ್ಲಿಷ್ ಫ್ರೆಂಚ್ ಎರಡರಲ್ಲೂ ನಾಲ್ಕಾರು ವಾಕ್ಯ ಕಲಿಸಿ, ಹೋಗುವಾಗ ಕೋಟನ್ನೂ ಕೊಟ್ಟುಹೋದಳು. ಅಂದಿನಿಂದ ಬೆಲ್ಲ ತೂಗುವಾಗಲೂ ಆತ ಗಿರಾಕಿಗೆ ಹವೆಯ ವರದಿ ಒಪ್ಪಿಸುತ್ತಾನೆ, ಅದೂ ತಲೆಕೆಳಗಾಗಿ: ಮಳೆ ಧೋ ಎಂದು ಸುರಿಯುವಾಗ 'ಇಲ್ ಫೆ ಬೋ', ಎಂದರೆ ಹವೆ ಸೊಗಸಾಗಿದೆ, ಬಿಸಿಲು ಬಿದ್ದರೆ 'ಬ್ಯಾಡ್ ವೆದರ್'. ನಾನು ತಿದ್ದಲು ಹೋದೆ.

"ಮಾಸ್ತರ್ರ, ಭತ್ತದ ಗದ್ದಿಗೆ ನೀರು ಬಂದ್ರ ಅದು ಕೆಟ್ಟ ಹವಾ ಹೆಂಗ ಆಗತೈತ್ರಿ? ಕೆಟ್ಟ ಹವಾಕ್ಕ ಕೋಟ ಹಾಕ್ಕೋ ಅಂತ ಆ ಫ್ರೆಂಚ್ ಬಾಯಾರ ಹೇಳ್ಯಾರ. ಹಾಕ್ಕೊಂಡೇನಿ."



ಕಾಲೇಜಿಗೆ ಹೋಗುವ ಅಂಕಿತಾ ನನ್ನೆದುರು ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದಿಲ್ಲ. ತೆರೆದರೆ ತಿದ್ದುತ್ತೇನೆ, ತಪ್ಪು ತಿದ್ದುವುದು ನನ್ನ ಕಸುಬು. ಅದೇ ಹುಡುಗಿ ಬಸ್ಸಿಗೆ ಹೊರಟಾಗ ಅಂಗಡಿಯ ಕಟ್ಟೆಯ ಮೇಲಿಂದ ಹವೆ ಹೇಗಿದೆಯೆಂದು ಕೇಳುವ ಹಳದಿ ಕೋಟಿಗೆ ಎರಡೂ ಭಾಷೆಗಳಲ್ಲಿ ಉತ್ತರ ಕೊಟ್ಟು ಕಿಲಕಿಲ ನಗುತ್ತಾಳೆ. ಕಿಟಕಿಯ ಹಿಂದೆ ಗಡ್ಡ ಹೆರೆದುಕೊಳ್ಳುತ್ತ ಅದನ್ನು ಕೇಳಿ ಎಷ್ಟೋ ಸಲ ಗಲ್ಲ ಕೊಯ್ದುಕೊಂಡಿದ್ದೇನೆ.

ಕಳೆದ ಆಷಾಢದಲ್ಲಿ ಆ ದಂಪತಿ ಮತ್ತೆ ಬಂದರು. ನನ್ನ ಮಗಳೆಂದರೇನೆಂದು ತೋರಿಸಲು ಇದೇ ಸಮಯವೆಂದು, ಗುಡಿಯ ಶಿಲ್ಪದ ಬಗ್ಗೆ ಒಂದು ಪ್ಯಾರಾ ಬಾಯಿಪಾಠ ಮಾಡಿಸಿ ಅವಳನ್ನು ಅಜ್ಜಪ್ಪನ ಪಡಸಾಲೆಗೆ ಕರೆದೊಯ್ದೆ. ಅವಳು ನನ್ನ ಮುಖ ನೋಡಿದಳು, ಮೊದಲ ಪದಕ್ಕೇ ತಡವರಿಸಿ ನಿಂತಳು. ಅಷ್ಟರಲ್ಲಿ ಅಜ್ಜಪ್ಪ ತೊಯ್ದು ತೊಪ್ಪೆಯಾಗಿ, ಒಣ ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗಿನಿಂದ ಬಂದು, "ಇಲ್ ಫೆ ಬೋ!" ಎಂದು ಘೋಷಿಸಿದ. ಆ ಹೆಂಗಸು ಬಾಗಿಲಾಚೆಯ ಜಡಿಮಳೆ ನೋಡಿ, ಇದೆಂಥ ಸೊಗಸು ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕಳು. ನನ್ನ ಮಗಳು ಸೆಟೆದು ನಿಂತಳು. ಸಸಿ ಬಲಿತರೂ ನಾಟಿಗೆ ನೀರಿರಲಿಲ್ಲ, ಊರೆಲ್ಲ ಮುಗಿಲು ನೋಡುತ್ತಿತ್ತು, ಅಜ್ಜಪ್ಪ ಕಾಕಾ ಹೇಳಿದ್ದೇ ಸರಿ, ಇದಕ್ಕಿಂತ ಸೊಗಸಾದ ಹವೆ ನಮಗೆ ಬೇರೆಯಿಲ್ಲ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಅಲ್ಲಲ್ಲಿ ತಪ್ಪುಗಳಿದ್ದವು. ನಾನು ತುಟಿ ಕಚ್ಚಿ ಕುಳಿತೆ.

"ಕೇಳಿದ್ರ್ಯಾ ಮಾಸ್ತರ್ರ, ನಿಮ್ಮ ಮಗಳ ಇಂಗ್ಲಿಷ!" ಎಂದ ಅಜ್ಜಪ್ಪ, ಹಿಗ್ಗಿ ಹೀರೇಕಾಯಿಯಾಗಿ. ಅವಳು ನನ್ನ ಮಗಳೆಂಬುದನ್ನು ಅವನ ಬಾಯಿಂದ ಕೇಳಬೇಕಾಯಿತು.

ಮರುದಿನ ನಾನೂ ಬಾಗಿಲಲ್ಲಿ ನಿಂತು, ಶುದ್ಧ ಇಂಗ್ಲಿಷಿನಲ್ಲಿ ಅವಳೊಡನೆ ಹವೆಯ ಮಾತು ತೆಗೆದೆ. "ಹೂನ್ರಿ ಅಪ್ಪಾ, ಛತ್ರಿ ತಗೊಂಡ ಹೋಗ್ರಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಪಕ್ಕದ ಕಟ್ಟೆಯಿಂದ ಅದೇ ಹವೆಯ ಪ್ರಶ್ನೆ ಬಂತು. "ಇಲ್ ಫೆ ಬೋ, ಕಾಕಾ!" ಎಂಬ ಉತ್ತರ ಓಣಿಯುದ್ದಕ್ಕೂ ಕೇಳಿಸಿತು.

ಅಜ್ಜಪ್ಪನಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಬಲ್ಲದ್ದು ಅಲ್ಪ, ಆ ಅಲ್ಪವೂ ಅಡ್ಡಾದಿಡ್ಡಿ. ಆದರೆ ಉತ್ತರ ಬೇಕೆಂದೇ ಪ್ರಶ್ನೆ ಕೇಳುತ್ತಾರೆ, ಬಂದ ಉತ್ತರಕ್ಕೆ ಹಿಗ್ಗುತ್ತಾರೆ. ಮಕ್ಕಳು ಅಂಥವರ ಕಟ್ಟೆಯ ಮುಂದೆಯೇ ನಿಲ್ಲುತ್ತವೆ. ಭಾಷೆಯನ್ನು ಚೆನ್ನಾಗಿ ಬಲ್ಲ ನಾವು, ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು, ಕಿಟಕಿಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇವೆ.