ಹುಳುಮನೆಯ ಬಾಗಿಲಲ್ಲಿ ನೂರು ಅಂಕ

ಒಂದು ತಿಂಗಳು ರೈತರ ಮನೆಯಲ್ಲಿದ್ದು ರೇಷ್ಮೆಹುಳು ಸಾಕಬೇಕು, ಕೊನೆಗೆ ಪರೀಕ್ಷಕರು ಅಲ್ಲಿಗೇ ಬಂದು ನೂರಕ್ಕೆ ಅಂಕ ಹಾಕುತ್ತಾರೆ ಎಂದು ಕಾಲೇಜಿನಲ್ಲಿ ಹೇಳಿದಾಗ ನಾನು ಬೆಂಚು ಹತ್ತಿ ಕುಣಿಯುವುದೊಂದು ಬಾಕಿ. ಅದು ೧೯೮೮. ಶಿಡ್ಲಘಟ್ಟದಲ್ಲಿ ರೇಷ್ಮೆ ಕೋರ್ಸು ಓದುತ್ತಿದ್ದೆ. ಪುಸ್ತಕದ ಚಿತ್ರದಲ್ಲಿ ಹುಳುಗಳನ್ನು ನೋಡಿ ನೋಡಿ ಸಾಕಾಗಿತ್ತು. ಆದರೆ ಆ ನೂರರಲ್ಲಿ ಫೇಲಾದರೆ ಸರ್ಟಿಫಿಕೇಟೇ ಇಲ್ಲ. ಎರಡು ವರ್ಷದ ಓದು ನೀರಿನಲ್ಲಿ ಹೋಮ.

ನನ್ನ ಪಾಲಿಗೆ ಬಂದದ್ದು ದಿಬ್ಬೂರಹಳ್ಳಿಯ ಚಿಕ್ಕವೆಂಕಟಮ್ಮನ ಮನೆ. ಒಂಟಿ ಹೆಂಗಸು, ಓದು ಬಾರದವಳು, ಮಹಾ ಜೋರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಮ್ಮಾ ಆಂಜಿನಮ್ಮ, ಕಾಲೇಜಲ್ಲಿ ಹುಳಕ್ಕೆ ಇಂಗ್ಲಿಷ್ ಹೇಳ್ಕೊಡ್ತಾರಾ?" ಎಂದಳು. ಹತ್ತು ದಿನ ಹುಳು ಸಾಕುವ ಬಿದಿರಿನ ತಟ್ಟೆ ಮುಟ್ಟಲು ಬಿಡಲಿಲ್ಲ. ಸೊಪ್ಪು ಕತ್ತರಿಸು, ಕಸ ಗುಡಿಸು, ಬಾಗಿಲು ಕಾಯಿ, ಅಷ್ಟೇ. ಒಗ್ಗರಣೆಯ ವಾಸನೆ ಹೊತ್ತವರು, ಬೀಡಿ ಸೇದಿದವರು ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ಹೊಗೆಸೊಪ್ಪು ಸೋಂಕಿದರೆ ಹುಳು ಹಸಿರು ಕಕ್ಕಿ ಸಾಯುತ್ತದೆ. ಹತ್ತನೆಯ ದಿನ ಬೀಡಿ ಸೇದಿ ಬಂದ ಅವಳ ಸ್ವಂತ ತಮ್ಮನನ್ನೇ ನಾನು ವಾಪಸ್ಸು ಅಟ್ಟಿದೆ. ಅಂದು ಸಂಜೆ ಅವಳು ಹುಳುವಿನ ಒಂದು ತಟ್ಟೆ ನನ್ನ ಕೈಗಿತ್ತಳು. ಆ ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಪರೀಕ್ಷೆಯ ದಿನ ಹುಳುಗಳು ಬೆರಳಿನ ಗಾತ್ರಕ್ಕೆ ಬೆಳೆದಿದ್ದವು. ಇನ್ನೆರಡು ದಿನಕ್ಕೆ ಗೂಡು ಕಟ್ಟುವ ಹೊತ್ತು. ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಹತ್ತೂವರೆಯ ಬಸ್ಸಿನಿಂದ ಪರೀಕ್ಷಕರು ಇಳಿದರು. ಯೋಗನರಸಿಂಹ ಎಂದು, ಚಿಕ್ಕಬಳ್ಳಾಪುರದ ಕಡೆಯ ಸಸ್ಯಶಾಸ್ತ್ರದ ಮೇಷ್ಟ್ರು. ಹಿಪ್ಪುನೇರಳೆಯ ವಂಶವೃಕ್ಷವನ್ನೇ ಬಲ್ಲವರು, ಆದರೆ ಹುಳು ಸಾಕಿದವರಲ್ಲ. ಬಾಗಿಲಿಗೆ ಬಂದವರೇ ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ನಶ್ಯ ಏರಿಸಿದರು, ಸೀನಿದರು, ಬೆರಳನ್ನು ಶರ್ಟಿಗೆ ಒರೆಸಿಕೊಂಡರು. ಶರ್ಟಿನ ಎದೆಯೆಲ್ಲ ಕಂದು ಪುಡಿ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಸಾರ್, ನಶ್ಯ ಹಾಕ್ಕೊಂಡು ಒಳಗೆ ಬರಂಗಿಲ್ಲ. ಅದೂ ಹೊಗೆಸೊಪ್ಪೇ."

"ಕೈ ತೊಳೀತೀನಿ, ಬಿಡಮ್ಮ."

"ಶರ್ಟಿನ ಮೇಲೂ ಇದೆ, ಸಾರ್. ಅದನ್ನೂ ಬಿಚ್ಚಬೇಕು."

ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರಿಗೆ ಶರ್ಟು ಬಿಚ್ಚಿ ಎಂದಿದ್ದೆ! ಅವರ ಮುಖ ಕೆಂಪಾಯಿತು. "ಹುಳ ಕೈಯಲ್ಲಿ ಹಿಡಿದು ನೋಡದೆ ಅಂಕ ಹಾಕಲ್ಲ. ಸೊನ್ನೆ ಬರೆದು ಹೋಗಲಾ?"

ಅಷ್ಟರಲ್ಲಿ ಚಿಕ್ಕವೆಂಕಟಮ್ಮ ಒಳಗಿನಿಂದ ಓಡಿ ಬಂದು ನನ್ನ ರಟ್ಟೆ ಹಿಡಿದಳು. "ಬಿಡಮ್ಮ, ಬರ್ಲಿ ಅವ್ರು. ಹುಳ ಹೋದ್ರೆ ಇನ್ನೊಂದು ಬೆಳೆ ತೆಗೀತೀನಿ. ನಿನ್ನ ಮಾರ್ಕ್ಸ್ ಹೋದ್ರೆ ಏನ್ ಮಾಡ್ತೀಯ?"

ಒಡಹುಟ್ಟಿದವನನ್ನೂ ಒಳಗೆ ಬಿಡದವಳು ನನಗಾಗಿ ಇಡೀ ಬೆಳೆ ಬಿಟ್ಟುಕೊಡಲು ಸಿದ್ಧಳಾಗಿದ್ದಳು. ಆಮೇಲಂತೂ ನಾನು ಜಗ್ಗುವ ಮಾತೇ ಇರಲಿಲ್ಲ. "ಸೊನ್ನೆ ಹಾಕಿ, ಸಾರ್. ಈ ಹುಳ ಸಾಯಿಸಿ ನಂಗೆ ಪಾಸಾಗೋದು ಬೇಡ," ಎಂದೆ. ಹೇಳಿ ಅತ್ತೂ ಬಿಟ್ಟೆ.

ಮೇಷ್ಟ್ರು ನಶ್ಯದ ಡಬ್ಬಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ಹೋಗಿ ಜಗಲಿಯ ಮೇಲೆ ಕೂತು, ಅಂಕದ ಹಾಳೆ ಬಿಚ್ಚಿದರು. "ನಾನಂತೂ ಒಳಗೆ ನೋಡ್ಲಿಲ್ಲ. ತಿಂಗಳಿಂದ ನೋಡಿರೋರು ನೀವು," ಎಂದು ಚಿಕ್ಕವೆಂಕಟಮ್ಮನನ್ನು ಕೇಳಿದರು. "ಎಷ್ಟು ಹಾಕ್ಲಿ?"

"ನಂಗೆ ಲೆಕ್ಕ ಬರಲ್ಲ, ಸ್ವಾಮಿ. ಹುಳ ಬಿಟ್ಟು ಹೋಗಕ್ಕಾಗ್ದೆ ಮೂವತ್ತು ವರ್ಷದಿಂದ ತಿರುಪತಿ ನೋಡಿಲ್ಲ. ಮುಂದಿನ ಬೆಳೆ ಇವಳ ಕೈಗೆ ಕೊಟ್ಟು ಹೋಗ್ಬರ್ತೀನಿ. ಅದಕ್ಕೆ ಎಷ್ಟಾಗ್ತದೋ ನೀವೇ ಹಾಕ್ಕೊಳ್ಳಿ."

ಮೇಷ್ಟ್ರು ನಕ್ಕರು. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ತೊಂಬತ್ತೆಂಟು ಎಂದು ಬರೆದು ನನ್ನತ್ತ ತಿರುಗಿಸಿದರು. ನಾನು ಚೀರಿದ್ದಕ್ಕೆ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು.

ಚಿಕ್ಕವೆಂಕಟಮ್ಮ ಎಷ್ಟು ಬಂತೆಂದು ಕೇಳಲೇ ಇಲ್ಲ. ಸೆರಗಿನಿಂದ ನನ್ನ ಮುಖ ಒರೆಸುತ್ತ, "ಯಾವ ವಾರ ಹೊರಡ್ಲಿ, ಹೇಳಮ್ಮ," ಎಂದಳು.